ಹಗ್ಗ ಕಟ್ಟಿದ ಜಾಗ

ಕಾಡಿನ ಬಗ್ಗೆ ಭಾಷಣ ಬಿಗಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮ ಕೆಲಸದಲ್ಲಿ ಭಾಷಣಕ್ಕೆ ಜಾಗವಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ನಕ್ಷೆಯ ಮೇಲೆ ಕಂಪ್ಯೂಟರ್ ಎಲ್ಲೆಂದರಲ್ಲಿ ಚುಕ್ಕಿ ಇಡುತ್ತದೆ. ಮುಳ್ಳೋ ಕೆಸರೋ, ನಾವು ಅಲ್ಲಿಗೇ ಹೋಗಿ, ಹಗ್ಗದಿಂದ ಚೌಕ ಕಟ್ಟಿ, ಒಳಗಿರುವ ಗಿಡಗಳನ್ನೆಲ್ಲ ಎಣಿಸಬೇಕು. ಇಷ್ಟವಾದ ಜಾಗವನ್ನೇ ಆರಿಸಿಕೊಂಡರೆ ಲೆಕ್ಕ ಸುಳ್ಳಾಗುತ್ತದೆ.

ನಾನು ಹುಡುಕುತ್ತಿದ್ದದ್ದು ಜೌಗಿನಲ್ಲಷ್ಟೇ ಬೆಳೆಯುವ ಒಂದು ಕಾಡುಜಾಯಿಕಾಯಿ. ಮುದಿ ಮರಗಳು ಅಲ್ಲಲ್ಲಿ ಸಿಕ್ಕವು. ಬುಡದಲ್ಲಿ ಒಂದು ಸಸಿಯೂ ಇರಲಿಲ್ಲ. ಈ ಮರದ ಸಂತತಿ ಇಷ್ಟಕ್ಕೇ ಮುಗಿಯಿತೇನೋ ಎಂದು ಮನಸ್ಸು ಕುಸಿಯುತ್ತಾ ಹೋಯಿತು. ಕೊನೆಗೆ ಮಾಸ್ತಿಕಟ್ಟೆಯ ಕಡೆ, ಒಬ್ಬ ಗೌಡರ ಗದ್ದೆಯ ಮೇಲಿನ ಹಳ್ಳದಲ್ಲಿ, ಹಗ್ಗದೊಳಗೆ ಕಾಲಿಡಲು ಎಡೆಯಿಲ್ಲದಷ್ಟು ಸಸಿಗಳು ಕಂಡವು. ಕೆಸರಿನಲ್ಲೇ ಕೂತು ಅತ್ತುಬಿಟ್ಟೆ.

ದಾರಿ ತೋರಿಸಲು ಬಂದಿದ್ದ ಗೌಡರು ಗಾಬರಿಯಾದರು. "ಎಂತ ಆಯ್ತು ಮೇಡಂ, ಉಂಬ್ಳ ಹತ್ತಿತಾ?" ಎನ್ನುತ್ತಾ ನನ್ನ ಕಾಲಲ್ಲಿ ಜಿಗಣೆ ಹುಡುಕಿದರು.

"ಇದು ಭಾರಿ ಮುಖ್ಯವಾದ ಜಾಗ ಗೌಡ್ರೇ. ಮಳೆ ಮುಗಿದ ಮೇಲೆ ಮತ್ತೆ ಬರ್ತೀನಿ, ಸ್ವಲ್ಪ ನೋಡ್ಕೊಳ್ಳಿ" ಎಂದೆ. ನಾಲ್ಕು ಮೂಲೆಗೂ ಗೂಟ ಹೊಡೆದು ಕೆಂಪು ಟೇಪು ಸುತ್ತಿ ಬಂದೆ.

ಆ ಮಳೆಗಾಲದ ಗಾಳಿಗೆ ಅಲ್ಲಿದ್ದ ತಾಯಿಮರ ಉರುಳಿತು. ಫೋನ್ ಮಾಡಿ ತಿಳಿಸಿದವರು ಗೌಡರೇ. "ನಿಮ್ಮ ಜಾಗಕ್ಕೆ ಎಂತದೂ ಆಗಿಲ್ಲ, ನಾನಿದ್ದೀನಲ್ಲ" ಎಂದರು. ಇನ್ನು ಆ ಸಸಿಗಳೇ ಗತಿ ಎಂದುಕೊಂಡೆ.

ಮಳೆ ನಿಂತ ಮೇಲೆ ಹೋದಾಗ ಗೌಡರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಯುತ್ತಿದ್ದರು. ನೇರ ಹಳ್ಳಕ್ಕೆ ಕರೆದೊಯ್ದರು. ಗೂಟಗಳ ನಡುವೆ ಹಸಿರು ಎಂಬುದೇ ಇರಲಿಲ್ಲ. ಬುಡಮಟ್ಟ ಸವರಿ, ದರಗೆಲೆ ಗುಡಿಸಿ, ಕೂರಲು ಒಂದು ಹಲಗೆ ಹಾಕಿದ್ದರು. ಟೇಪಿನಾಚೆ, ಉರುಳಿದ ಮರ ಉಳಿದ ಸಸಿಗಳನ್ನು ಜಜ್ಜಿಕೊಂಡು ಮಲಗಿತ್ತು. ಅದರಾಚೆ ಬರೀ ಕೇದಗೆಯಂಥ ಮುಂಡಿಗೆಯ ಪೊದೆ.

"ಹೋದ್ಸಲ ಕೆಸರಲ್ಲೇ ಕೂತ್ಬಿಟ್ರಿ. ನೀವು ಬರೋ ಜಾಗ ಹಂಗೇ ಬಿಡಕ್ಕಾಗ್ತದಾ? ಪೂಜೆಗೆ ಮುಂಚೆ ಚೌಡಿ ಬನ ಸವರ್ತೀವಲ್ಲ, ಹಂಗೆ ಸವರಿದ್ದೀನಿ. ಒಂದು ಕಡ್ಡೀನೂ ಬಿಟ್ಟಿಲ್ಲ ನೋಡಿ."

ಬಾಯಿಗೆ ಬಂದಂತೆ ಬಯ್ಯಲು ಹೊರಟವಳು ಅವರ ಮುಖ ನೋಡಿ ತಡೆದುಕೊಂಡೆ. ಅಲ್ಲಿ ಏನಿತ್ತು, ಅದು ಬೇರೆಲ್ಲೂ ಏಕೆ ಸಿಕ್ಕಿರಲಿಲ್ಲ ಎಂದು ಮೆಲ್ಲಗೆ ಹೇಳಿದೆ. ಅವರು ನನಗೆಂದು ಹಾಕಿದ್ದ ಹಲಗೆಯ ಮೇಲೆ ಕುಸಿದು ಕೂತರು.

"ನೀವು ಗೂಟ ಹೊಡೀದೇ ಇದ್ದಿದ್ರೆ ನಾನು ಈ ಕಡೆ ತಲೇನೇ ಹಾಕ್ತಿರ್ಲಿಲ್ಲ ಮೇಡಂ" ಎಂದರು.

ಅವರು ನನ್ನನ್ನು ದೂರಲು ಹೇಳಿದ ಮಾತಲ್ಲ ಅದು. ಇದ್ದದ್ದನ್ನು ಹೇಳಿದರು, ಅಷ್ಟೆ. ಏನಾಗಿದ್ದರೂ ಚೌಕವನ್ನು ಎಣಿಸಲೇಬೇಕೆಂಬುದು ನಮ್ಮ ನಿಯಮ. ಸೊನ್ನೆ ಬರೆದೆ. ಆಮೇಲೆ ಇಬ್ಬರೂ ಸೇರಿ ಗೂಟಗಳನ್ನು ಕಿತ್ತೆವು.