ಲ್ಯಾಟಿನ್ ಕವಿಗಳ ‘ನೆನಪಿದೆ’

ಹೋಬೋಕನ್‌ನಲ್ಲಿ ಶನಿವಾರ ಬೆಳಿಗ್ಗೆ ನಡೆಯುವ ಲ್ಯಾಟಿನ್ ತರಗತಿಗೆ ನಾನು ಸೇರಿದ್ದು ನಿವೃತ್ತಿಯ ನಂತರ. ಯಾಕೆಂದು ಕೇಳಿದವರಿಗೆ ಒಂದೊಂದು ಸಲ ಒಂದೊಂದು ಕಾರಣ ಹೇಳಿದ್ದೇನೆ. ನಿಜವಾದದ್ದು ಯಾವುದೆಂದು ಈಗ ಖಚಿತವಿಲ್ಲ.

ಕಳೆದ ವಸಂತದಲ್ಲಿ ಒಂದು ಪದ್ಯ ಓದಿದೆವು. ಪ್ರಿಯಕರ ಕೈಬಿಟ್ಟನೆಂದು ಹೆಣ್ಣೊಬ್ಬಳು ಕಡಲ ದಂಡೆಯಲ್ಲಿ ಅಳುತ್ತಾಳೆ. ಹಿಂದೆ ಇನ್ನೊಬ್ಬ ಬಿಟ್ಟುಹೋದಾಗಲೂ ‘ಮೋಸಗಾರ’ ಎಂದು ಇದೇ ಮಾತು ಆಡಿದ್ದು ತನಗೆ ನೆನಪಿದೆ ಎನ್ನುತ್ತಾಳೆ. ಅವಳು ಆ ಮಾತು ಆಡಿದ್ದು ಅದಕ್ಕೂ ಹಳೆಯ ಕವಿಯೊಬ್ಬನ ಪದ್ಯದಲ್ಲಿ ಎಂದು ಪಾಠ ಹೇಳುವ ಮೇಡಂ ನಕ್ಕರು. ಅವಳ ನೆನಪೆಂದರೆ ಈ ಕವಿ ಆ ಹಳೆಯ ಪದ್ಯವನ್ನು ಓದಿದ್ದು. ರೋಮಿನ ಕವಿಗಳು ಹೀಗೆ ‘ನೆನಪಿದೆ’, ‘ಹಾಗೆ ಹೇಳುತ್ತಾರೆ’ ಎಂದು ಬರೆದು, ಬಲ್ಲ ಓದುಗರಿಗೆ ಕಣ್ಣು ಮಿಟುಕಿಸುತ್ತಿದ್ದರಂತೆ. ಇನ್ನೊಬ್ಬರ ಮಾತನ್ನು ಕದ್ದು ಮುಚ್ಚಿಡಲು ಅಲ್ಲ, ಗುರುತಿಸಲಿ ಎಂದೇ ತರುವುದು.

ಮರುದಿನ ಪ್ಲೇನ್ಸ್‌ಬರೋದ ಅಕ್ಕನ ಮನೆಗೆ ಹೋದೆ. ಕನ್ನಡ ಕೂಟದ ಸಂಚಿಕೆಗೆ ನಾನು ಬರೆದ ಲೇಖನ ಸೋಮವಾರ ಅಚ್ಚಿಗೆ ಹೋಗುವುದಿತ್ತು. ಅದನ್ನು ಫೋನಿನಲ್ಲಿ ನೋಡುತ್ತ ಓದಿ ಹೇಳಿದೆ. ಧಾರವಾಡದ ಶಾಲೆಗೆ ಇನ್‌ಸ್ಪೆಕ್ಟರ್ ಬಂದ ದಿನ ಅಕ್ಕ ಪದ್ಯ ಮರೆತು, ರೇಡಿಯೋದ ಪೇಟೆ ಧಾರಣೆಯನ್ನು ಅದೇ ಧಾಟಿಯಲ್ಲಿ ಒಪ್ಪಿಸಿದ್ದು. ಇಡೀ ತರಗತಿ ನಕ್ಕಿದ್ದು. ಮೂರನೆಯ ಬೆಂಚಿನಲ್ಲಿ ನಾನೊಬ್ಬನೇ ನಗದೆ ಕೂತಿದ್ದು ಚೆನ್ನಾಗಿ ನೆನಪಿದೆ ಎಂದು ಬೇರೆ ಬರೆದಿದ್ದೆ.

ಅಕ್ಕ ಮೆಂತ್ಯ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು.

“ಆಗ ನಿನಗ ಎರಡು ವರ್ಷ. ಯಾವ ಬೆಂಚಿನ ಮ್ಯಾಲೆ ಕೂತಿದ್ದಿ?”

ಆ ಅವಮಾನವನ್ನು ಎಷ್ಟೋ ವರ್ಷ ಯಾರಿಗೂ ಹೇಳದೆ, ಕೊನೆಗೆ ನನಗೊಬ್ಬನಿಗೆ ಹೇಳಿದ್ದಳಂತೆ. ಈಗ ಇಡೀ ಕೂಟ ಓದಿ ಮತ್ತೆ ನಗಬೇಕೇ ಎಂದು ಕೇಳಿದಳು. ನಾನು ತಬ್ಬಿಬ್ಬಾಗಿ ಹಿಂದಿನ ದಿನದ ಪಾಠವನ್ನೆಲ್ಲ ಹೇಳಿದೆ.

“ಅಂದ್ರ, ಕದ್ದೀನಿ ಅಂತ ಲ್ಯಾಟಿನ್‌ನಾಗ ಹೇಳ್ಲಿಕ್ಕತ್ತೀ.”

ಆ ಬೆಂಚು, ಇನ್‌ಸ್ಪೆಕ್ಟರರ ಕನ್ನಡಕ ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಯಾರ ಕಣ್ಣಿಗೆ ಎಂದು ಮಾತ್ರ ಹೇಳಲಾರೆ.

ಲೇಖನ ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ. ಅವಳು ಮತ್ತೆ ಸೊಪ್ಪು ಬಿಡಿಸತೊಡಗಿದಳು. ಆದರೂ ಬಿಡಲು ಮನಸ್ಸಾಗದೆ ಅಲ್ಲೇ ಕೂತು ತಿದ್ದಿದೆ. ‘ನೆನಪಿದೆ’ ಹೋಗಿ ‘ಅಕ್ಕ ಹೇಳುತ್ತಾಳೆ’ ಬಂತು. ನನ್ನನ್ನು ತರಗತಿಯಿಂದಲೇ ಹೊರಗೆ ಹಾಕಿದೆ. ಅಕ್ಕ ಫೋನ್ ಇಸಿದುಕೊಂಡು ಎರಡು ಸಲ ಓದಿದಳು.

“ನಿನ್ನ ಯಾಕ ತೆಗೆದಿ?”

“ನಾ ಅಲ್ಲಿ ಇದ್ದಿಲ್ಲಲ್ಲ, ಅಕ್ಕಾ.”

“ಇದ್ದಿಲ್ಲ, ಖರೆ. ಆದ್ರ ಎಲ್ಲಾರೂ ನಗೋವಾಗ ಒಬ್ಬರಾದರೂ ನಗಲಾರದ ಕೂತಿದ್ರು ಅಂತ ಕೇಳಿ ಸಮಾಧಾನ ಆಗಿತ್ತು. ಕೂಡು ಅಲ್ಲೇ.”

ಇದು ಸುಳ್ಳಾಗುವುದಿಲ್ಲವೇ ಎಂದೆ. ತಾನೇ ಹೇಳುತ್ತಿರುವುದಾಗಿ ಬರೆದರೆ ಸುಳ್ಳಾಗುವುದಿಲ್ಲ ಎಂದಳು. ಮೇಡಂ ಒಪ್ಪುತ್ತಿದ್ದರೇನೋ. ಲೇಖಕರ ಜಾಗದಲ್ಲಿ ಇಬ್ಬರ ಹೆಸರು ಹಾಕಿದೆವು. ಯಾರದು ಮೊದಲು ಎಂಬ ಚರ್ಚೆ ನಡೆಯಲಿಲ್ಲ. ಫೋನ್ ಅವಳ ಕೈಯಲ್ಲಿತ್ತು.