ಆಯಿಯ ಬಲಗೈ

ಸಿಂದಗಿಯಲ್ಲಿ ನಾನಿರುವ ಬಾಡಿಗೆ ಮನೆಯ ಎದುರಿನವರು ರವಿವಾರ ಬಿಸಿಲೇರಿದ ಮೇಲೆ ಕೌದಿಗಳನ್ನು ಹಗ್ಗಕ್ಕೆ ಹಾಕಿ ಕೋಲಿನಿಂದ ಬಡಿಯುತ್ತಾರೆ. ಧಪ್, ಧಪ್ ಎಂಬ ದಪ್ಪನೆಯ ಸದ್ದು, ಅದರ ಬೆನ್ನಿಗೇ ಹಳೆ ಬಟ್ಟೆಯ ಧೂಳು, ಬೇವಿನೆಲೆ, ತಲೆಯೆಣ್ಣೆ ಎಲ್ಲ ಬೆರೆತ ವಾಸನೆ. ನಿಮ್ಮ ಮನೆಯಲ್ಲೂ ಹರಿದ ಸೀರೆ, ಧೋತರಗಳನ್ನು ಕೂಡಿಸಿ ಕೌದಿ ಹೊಲಿಯುವ ಅಜ್ಜಿಯೊಬ್ಬಳು ಇದ್ದಿದ್ದರೆ ಆ ವಾಸನೆ ನಿಮಗೆ ಗೊತ್ತು, ಅದು ಮೂಗಿಗೆ ಬಂದರೆ ಮನಸ್ಸು ಮೆತ್ತಗಾಗುತ್ತದೆ. ನಾನು ಮಾತ್ರ ಎದ್ದು ಕಿಟಕಿ ಮುಚ್ಚುತ್ತೇನೆ. ಬೇಸ್‌ಬಾಲಿನ ಬ್ಯಾಟು ಹಿಡಿಯುವುದನ್ನು ನಾನು ಕಲಿತದ್ದು ಅಂಥದೊಂದು ಕೌದಿಯ ಮುಂದೆ.

ಲಚ್ಯಾಣದ ದಾರಿಯ ಊರೊಂದರಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಹನ್ನೊಂದು ಮಂದಿ, ಎರಡು ಎಮ್ಮೆ, ನಡುವೆ ಒಂದು ಮೂಲೆಗೆ ಬಚ್ಚಲಿದ್ದ ಅಂಗಳ, ಅದರಾಚೆ ತಂಪಾದ ಪಡಸಾಲೆ. ಅಲ್ಲಿ ಅಪ್ಪನ ತಾಯಿಯಾದ ಆಯಿಯ ಮಾತೇ ಮಾತು. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಸಾಲೆಗೆ ಎಲ್ಲಿಂದಲೋ ಒಂದು ಬೇಸ್‌ಬಾಲ್ ಬ್ಯಾಟು ಬಂತು. ಆ ಆಟವನ್ನು ಜನ್ಮದಲ್ಲಿ ಆಡದ ನಮ್ಮ ಪಿ.ಟಿ. ಮಾಸ್ತರರು ಪುಸ್ತಕ ಕೈಯಲ್ಲಿ ಹಿಡಿದುಕೊಂಡೇ ಹುಡುಗಿಯರ ತಂಡ ಕಟ್ಟಿದರು. ಹಿಡಿಕೆಯ ಮೇಲೆ ಎರಡೂ ಕೈ ತಾಗಿರಬೇಕು, ಬಾಗಿಲು ಬಡಿಯುವ ಗೆಣ್ಣುಗಳು ಒಂದೇ ಸಾಲಿಗೆ ಬರಬೇಕು, ಭಾರ ಹಿಂಗಾಲಿನ ಮೇಲೆ, ಬ್ಯಾಟು ಹೆಗಲಿನ ಹತ್ತಿರ. ಹೊಡೆದ ಮೇಲೆ ಅದನ್ನು ಕಾಲ ಬದಿಗೆ ಇಳಿಸಿ ಓಡಬೇಕು. ಓಣಿಯಲ್ಲಿ ಕ್ರಿಕೆಟ್ ಆಡಿ ಬೆಳೆದ ನಾವು ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡುತ್ತಿದ್ದೆವು. ಮಾಸ್ತರರು ಹಣೆ ಬಡಿದುಕೊಂಡು, "ಅದನ್ನ ಬಿಟ್ಟು ಓಡ್ರವಾ, ಯಾರೂ ಕದಿಯಂಗಿಲ್ಲ!" ಎಂದು ಕೂಗುತ್ತಿದ್ದರು.

ಇಂಡಿಯಲ್ಲಿ ತಾಲೂಕು ತಂಡದ ಆಯ್ಕೆ ನಡೆಯುವುದಿತ್ತು. ಅವ್ವನಿಗೆ ಈ ಆಟ ಎಳ್ಳಷ್ಟೂ ಹಿಡಿಸಿರಲಿಲ್ಲ. ಬ್ಯಾಟು ಮನೆಗೆ ತಂದ ದಿನವೇ, "ಯಾರಿಗರ ಪೆಟ್ಟಾತಂದ್ರ ಆವತ್ತಿಗೇ ನಿನ್ನ ಆಟ ಮುಗೀತು ತಿಳಿ" ಎಂದುಬಿಟ್ಟಳು. ನನ್ನ ಬೆನ್ನಿಗೆ ನಿಂತವಳು ಆಯಿ. ಇಂಗಳೇಶ್ವರದಲ್ಲಿದ್ದ ಅತ್ತೆಯ ಬಸುರಿ ಮಗಳಿಗೆಂದು ಆಗ ಅವಳು ಒಂದು ಪುಟ್ಟ ಕೌದಿ ಹೊಲಿಯುತ್ತಿದ್ದಳು. ಉಳಿದ ಚಿಂದಿಯನ್ನೆಲ್ಲ ಸುತ್ತಿ ಬಿಗಿದು ನಾಲ್ಕಾರು ಚೆಂಡು ಮಾಡಿದಳು, ಅಂಗಳದ ಹಗ್ಗಕ್ಕೆ ಒಂದು ಹಳೆ ಕೌದಿ ಇಳಿಬಿಟ್ಟಳು. ಆಮೇಲೆ ನನ್ನೆದುರು ಒಂದಿಷ್ಟು ಓರೆಯಾಗಿ ಮಣೆಯ ಮೇಲೆ ಕೂತು ಒಂದೊಂದೇ ಚೆಂಡನ್ನು ಮೆಲ್ಲಗೆ ಎಸೆಯತೊಡಗಿದಳು. ನಾನು ಬೀಸಿ ಹೊಡೆದರೆ ಚೆಂಡು ಧಪ್ಪನೆ ಕೌದಿಗೆ ಬಡಿದು ಬೀಳುತ್ತಿತ್ತು. ಮಾಸ್ತರರ ಪುಸ್ತಕ ಹೇಳಲಾರದ್ದನ್ನು ಆಯಿ ಎರಡೇ ದಿನದಲ್ಲಿ ಕಂಡುಹಿಡಿದಳು. "ನೀ ಬರೇ ಕೈಲೆ ಬಡಿಯಾಕತ್ತಿ. ತೊಗರಿ ಬಡಿಯೂ ಮುಂದ ನಾ ಹ್ಯಾಂಗ ಸೊಂಟ ತಿರುವತೇನಿ, ನೋಡಿಲ್ಲೇನು?" ಎಂದು ಸೆರಗು ಸಿಕ್ಕಿಸಿ ಎದ್ದು ನಿಂತು ಬ್ಯಾಟು ಬೀಸಿ ತೋರಿಸಿದಳು. ಮೊದಲು ಹಿಮ್ಮಡಿ, ಆಮೇಲೆ ಸೊಂಟ, ಕಡೆಗೆ ಕೈ. ಮರುದಿನದಿಂದ ನನ್ನ ಹೊಡೆತಕ್ಕೆ ಹಗ್ಗ ಜಗ್ಗಿ ಗೂಟ ಅಲುಗಾಡತೊಡಗಿತು. ನನಗೆ ಸೊಕ್ಕೂ ಬಂತು.

ಆಯ್ಕೆಗೆ ಐದು ದಿನ ಉಳಿದಿತ್ತು. ಹೊಡೆದು ಓಡುವುದನ್ನೂ ಸೇರಿಸಿ ಅಭ್ಯಾಸ ಮಾಡೋಣವೆಂದು ನಾನೇ ಹಟ ಹಿಡಿದೆ. ಹೊಡೆದೆ. ಓಡುವ ಅವಸರಕ್ಕೆ ಬ್ಯಾಟು ಪೂರ್ತಿ ಸುತ್ತುವ ಮೊದಲೇ ಕೈಬಿಟ್ಟೆ. ಮುಂದಿನ ಚೆಂಡಿಗೆಂದು ಆಯಿ ಬಲಗೈ ಚಾಚಿದ್ದಳು. ಬ್ಯಾಟು ಹಾರಿ ಹೋಗಿ ಅವಳ ಮಣಿಕಟ್ಟಿಗೆ ಬಡಿಯಿತು. ಅವಳು ಕೈಯನ್ನು ಉಡಿಯಲ್ಲಿ ಇಟ್ಟುಕೊಂಡು ಬಗ್ಗಿದಳು. ಒಳಗಿನಿಂದ ಅವ್ವನ ಹೆಜ್ಜೆ ಕೇಳಿತು. ನಾನು ಬ್ಯಾಟನ್ನು ಕೌದಿಯ ಹಿಂದೆ ದೂಡಿ, ಆಯಿ ಬಾಯಿ ತೆರೆಯುವ ಮೊದಲೇ ಕೂಗಿದೆ: "ಅವ್ವಾ, ಆಯಿ ಬಚ್ಚಲದಾಗ ಜಾರಿ ಬಿದ್ದಾಳ!" ಆಯಿ ತಲೆಯೆತ್ತಿ ಒಮ್ಮೆ ನನ್ನನ್ನು ನೋಡಿದಳು. "ಹೌದವಾ, ಜಾರಿತು," ಎಂದಳು ಅವ್ವನಿಗೆ.

ಪಕ್ಕದೂರಿನ ನಾಟಿ ವೈದ್ಯನೊಬ್ಬ ಬಿದಿರ ಪಟ್ಟಿ ಕಟ್ಟಿದ. ಎಲುಬು ಸೊಟ್ಟಗೆ ಕೂಡಿತು. ಆಯಿಯ ಹೆಬ್ಬೆರಳು, ತೋರುಬೆರಳು ಮತ್ತೆಂದೂ ಸೂಜಿ ಹಿಡಿಯಲಿಲ್ಲ. ಇಂಗಳೇಶ್ವರದ ಕೂಸಿಗೆ ಪೇಟೆಯ ಚಾದರ ಹೋಯಿತು. ನಾನು ಇಂಡಿಯಲ್ಲಿ ಆಯ್ಕೆಯಾದೆ, ಜಿಲ್ಲೆಗೆ ಹೋದೆ, ಮೊದಲ ಪಂದ್ಯದಲ್ಲೇ ಮೂರು ಸಲ ಔಟಾಗಿ ಮನೆಗೆ ಬಂದೆ. ಇಷ್ಟಕ್ಕಾಗಿ ಮುದುಕಿಯೊಬ್ಬಳ ಕೈ ತಿಂದೆನಲ್ಲ ಎಂದು ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ. ಕಾಲೇಜಿಗೆಂದು ವಿಜಯಪುರದ ಹಾಸ್ಟೆಲ್ ಸೇರಿದ ಮೇಲೆ, ಪ್ರತಿ ರಜೆಗೂ ಈ ಸಲ ಹೇಳಿಬಿಡುವುದೇ ಎಂದುಕೊಂಡು ಬಸ್ಸು ಹತ್ತುತ್ತಿದ್ದೆ. ಆರು ವರ್ಷ ಹಾಗೇ ಕಳೆಯಿತು. ಆಯಿ ಹೋದಳು.

ಹೋದ ವರ್ಷ ಪಾಲಾದ ಮನೆಯನ್ನು ಕೆಡವಿದರು. ತೊಲೆಗಳನ್ನು ಟ್ರ್ಯಾಕ್ಟರಿಗೆ ಹೇರುವುದನ್ನು ನೋಡುತ್ತ ನಾನೂ ಕಾಕಾನೂ ಕಟ್ಟೆಯ ಮೇಲೆ ಕೂತಿದ್ದೆವು. ಅವ್ವ, ಅಪ್ಪ ಇಬ್ಬರೂ ಹೋಗಿಯಾಗಿತ್ತು, ಹಿರಿಯರೆಂದರೆ ಅಪ್ಪನ ಈ ತಮ್ಮನೊಬ್ಬನೇ. ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಕಾಕಾ ನನ್ನ ಕಡೆ ತಿರುಗಲೂ ಇಲ್ಲ.

"ಆವತ್ತ ಬಚ್ಚಲಾ ಒಣಗಿ ಬಿರದಿತ್ತು. ನಳಕ್ಕ ನೀರ ಬಂದು ನಾಕ ದಿನಾ ಆಗಿತ್ತು. ಜಾರಾಕ ಎಲ್ಲಿತ್ತ ಹಸಿ? ಎಲ್ಲಾರಿಗೂ ಗೊತ್ತಿತ್ತು."

"ಮತ್ತ ಯಾರೂ ಯಾಕ ಕೇಳಲಿಲ್ಲ?"

"ಆಯಿ ಕೇಳಗೊಡಲಿಲ್ಲ. ಹುಡುಗಿ ತಾನ ಬಂದು ಹೇಳ್ತಾಳ, ಅಲ್ಲೀತನಕ ಯಾರೂ ಬಾಯಿ ಬಿಡಬ್ಯಾಡ್ರಿ ಅಂದಿದ್ಲು. ನೀ ರಜಾಕ್ಕ ಬಂದ ದಿನಾ ನಮ್ಮನ್ನೆಲ್ಲಾ ಪಡಸಾಲ್ಯಾಗಿಂದ ಎಬ್ಬಿಸಿ ಹೊರಗ ಕಳಸ್ತಿದ್ಲು. ಆಕಿಗಿ ಹೇಳಾಕ ಒಂದೀಟ ಜಾಗಾ ಇರಲಿ ಅಂತ."

ಆ ಖಾಲಿ ಪಡಸಾಲೆ ನನಗೆ ಚೆನ್ನಾಗಿ ನೆನಪಿದೆ. ನಾವಿಬ್ಬರೇ ಇರುತ್ತಿದ್ದೆವು. ಆಯಿ ಎಡಗೈಯಿಂದ ಶೇಂಗಾ ಹೋಳಿಗೆ ಮುಂದಕ್ಕೆ ಸರಿಸಿ ಸುಮ್ಮನೆ ನನ್ನ ಮುಖ ನೋಡುತ್ತ ಕೂರುತ್ತಿದ್ದಳು. ನಾನು ಹೋಳಿಗೆ ತಿಂದು, ಪರೀಕ್ಷೆಯ ಸುದ್ದಿ, ಹಾಸ್ಟೆಲ್ಲಿನ ಸುದ್ದಿ ಎಲ್ಲ ಹೇಳಿ, ಕೈತೊಳೆಯಲು ಎದ್ದು ಹೋಗುತ್ತಿದ್ದೆ.