ಬರಿಗೈಯವರಿಗೆ ಕಲ್ಲುಸಕ್ಕರೆ

ಮಗಳನ್ನು ಕೆ.ಜಿ.ಗೆ ಬಿಟ್ಟು ಬಂದ ದಿನ ನನಗೆ ಏನೂ ಅನ್ನಿಸಲಿಲ್ಲ. ಹೀಗೆಂದರೆ ಯಾರೂ ನಂಬುವುದಿಲ್ಲ. ನಂಬಿದವರಿಗೆ ನಾನು ಕಲ್ಲೆದೆಯವನಂತೆ ಕಾಣುತ್ತೇನೆ. ಹೆಂಡತಿಗೆ ಮೊದಲಿನಿಂದಲೂ ಹಾಗೆಯೇ ಕಾಣುತ್ತಿದ್ದೇನೆ, ಅದು ಬೇರೆ ಮಾತು.

ಮಡಗಾಂವ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ನಮ್ಮದು ಸೀರೆ ಅಂಗಡಿ. ಅಪ್ಪ ಬೆಳಗಾವಿಯಿಂದ ಬಂದು ಹಾಕಿದ್ದು. ಹೆಂಡತಿಗೆ ವಾಸ್ಕೋದಲ್ಲಿ ನೌಕರಿ, ಬೆಳಗಿನ ರೈಲು ಹಿಡಿದರೆ ಮನೆ ಸೇರುವುದು ಸಂಜೆಗೆ. ಅವ್ವನಿಗೆ ಮಂಡಿನೋವು, ಆಗಷ್ಟೇ ನಡೆಯಲು ಕಲಿತ ಕೂಸಿನ ಹಿಂದೆ ಓಡುವುದು ಆಗದ ಮಾತು. ಹೀಗಾಗಿ ಮಗಳು ನನ್ನ ಜೊತೆ ಅಂಗಡಿಯಲ್ಲೇ ಬೆಳೆದಳು. ಬ್ಲೌಸ್‌ಪೀಸಿನ ಕಪಾಟಿನ ಕೆಳಗಿನ ಖಾನೆ ಅವಳ ಹಾಸಿಗೆ. ಯಾರೇ ಮೆಟ್ಟಿಲು ಹತ್ತಿದರೂ ‘ಬರ್ರಿ, ಕುಂದರ್ರಿ’ ಎನ್ನುವಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಮ್ಮದು ಗಿರಾಕಿಗಳಿಗೂ ಮುದ್ದಾಗಿತ್ತು.

ಅಂಗಡಿಯಲ್ಲಿ ಅವಳಿಗೊಂದು ಕೆಲಸವೂ ಇತ್ತು. ಅಪ್ಪ ಅಂಗಡಿ ಹಾಕಿದಾಗಿನಿಂದ ಗಾದಿಯ ಪಕ್ಕ ಕಲ್ಲುಸಕ್ಕರೆಯ ಡಬ್ಬಿ ಇದೆ. ನಲವತ್ತು ಸೀರೆ ಬಿಚ್ಚಿಸಿ, ಒಂದೂ ಕೊಳ್ಳದೆ ಎದ್ದು ಹೋಗುವವರಿದ್ದಾರಲ್ಲ, ಅಂಥವರ ಕೈಗೆ ಒಂದು ಹರಳು ಕೊಟ್ಟು ಕಳಿಸುವುದು ನಮ್ಮ ಅಂಗಡಿಯ ಪದ್ಧತಿ. ನನಗಂತೂ ಅವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಅಪ್ಪ ಮಾತ್ರ ಮೊಮ್ಮಗಳನ್ನು ಕೂಡಿಸಿಕೊಂಡು ಹೇಳುತ್ತಿದ್ದರು: “ಬಾಯಿ ಸಿಹಿ ಆದವ್ರು ತಿರುಗಿ ಬಂದ ಬರ್ತಾರವ್ವಾ.”

ಅವಳು ಅದನ್ನು ಅಕ್ಷರಶಃ ನಂಬಿದಳು. ಹರಳು ಕೊಟ್ಟು ‘ಹೋಗಿ ಬರ್ರಿ’ ಎಂದ ಮೇಲೆ ಅವರು ಬಾಯಿಗೆ ಹಾಕಿಕೊಳ್ಳುವವರೆಗೆ ಬಿಡುತ್ತಿರಲಿಲ್ಲ. ಒಮ್ಮೆ ಸಕ್ಕರೆ ಕಾಯಿಲೆಯ ಹೆಂಗಸೊಬ್ಬರು ಅದನ್ನು ಪರ್ಸಿಗೆ ಹಾಕಿಕೊಂಡರೆಂದು ಗಲ್ಲಿಯ ತಿರುವಿನವರೆಗೆ ಅವರ ಬೆನ್ನು ಹತ್ತಿದ್ದಳು. ಹೋದವರು ವಾರ ಬಿಟ್ಟು ಬಂದರೆ ‘ಸಕ್ಕರಿ ತಿಂದಿದ್ರು’ ಎಂದು ನನ್ನ ಕಿವಿಯಲ್ಲಿ ಹೇಳುವಳು. ಬಾರದಿದ್ದವರು ಉಗುಳಿರಬೇಕು ಎಂದು ಅವಳ ತೀರ್ಮಾನ.

ಶಾಲೆ ಶುರುವಾದ ಮೇಲೆ ಅಂಗಡಿ ಬೇಡ ಎಂದು ಹೆಂಡತಿ ಹೇಳಿದ್ದಳು. ಮಧ್ಯಾಹ್ನ ಶಾಲೆ ಬಿಟ್ಟರೆ ನೇರ ಮನೆ, ಅಜ್ಜಿಯ ಕೈಯ ಊಟ, ನಿದ್ದೆ. ಬಟ್ಟೆಯ ಧೂಳಿನಲ್ಲಿ ಕೂಸು ಬೆಳೆಯುವುದು ಸಾಕು ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದಕ್ಕೇ ನನಗೆ ಸಿಟ್ಟು ಬಂತು. ಹ್ಞೂಂ ಎಂದೆ. ನನ್ನ ಹಗಲಿನ ಜೊತೆ ಅಲ್ಲಿಗೆ ಮುಗಿಯಿತು ಎಂದು ಗೊತ್ತಿತ್ತು, ಆದರೆ ಗೊತ್ತಿದ್ದದ್ದು ತಲೆಯಿಂದ ಕೆಳಗೆ ಇಳಿಯಲಿಲ್ಲ.

ಆ ದಿನ ಬೆಳಗ್ಗೆ ಮಳೆ. ಹೆಂಡತಿ ಮಗಳ ಜಡೆ ಹೆಣೆಯುತ್ತಲೇ ಒಂದು ಸುತ್ತು ಅತ್ತು ರೈಲಿಗೆ ಹೋದಳು. ನಾನು ಸ್ಕೂಟರಿನಲ್ಲಿ ಮಗಳನ್ನು ಕರೆದುಕೊಂಡು ಹೋದೆ. ಶಾಲೆಯ ಬಾಗಿಲಲ್ಲಿ ಹತ್ತಾರು ಮಕ್ಕಳು ಒಟ್ಟಿಗೆ ಅಳುತ್ತಿದ್ದವು, ಒಬ್ಬ ತಂದೆ ಕಿಟಕಿಯ ಸರಳು ಹಿಡಿದು ತಾನೇ ಅಳುತ್ತಿದ್ದ. ಟೀಚರು ಕೊಂಕಣಿಯಲ್ಲಿ, ನಿಂತುಕೊಳ್ಳಬೇಡಿ, ಬೇಗ ಹೊರಡಿ ಎಂದು ಎಲ್ಲರನ್ನೂ ಸಾಗಹಾಕುತ್ತಿದ್ದರು.

ನನ್ನ ಮಗಳು ಅಳಲಿಲ್ಲ. ರೇನ್‌ಕೋಟ್ ಬಿಚ್ಚಿಸಿಕೊಂಡು ಸುತ್ತ ನೋಡಿದಳು. ನಾನು ಹೊರಳಿದಾಗ ಅಂಗಿ ಜಗ್ಗಿ ನಿಲ್ಲಿಸಿ, ಯೂನಿಫಾರಂ ಜೇಬಿನಿಂದ ಏನೋ ತೆಗೆದು ನನ್ನ ಅಂಗೈಗೆ ಒತ್ತಿದಳು. ಕಲ್ಲುಸಕ್ಕರೆಯ ಹರಳು. ಹಿಂದಿನ ಸಂಜೆ ಅಂಗಡಿಯಲ್ಲಿ ಯಾವ ಮಾಯದಲ್ಲಿ ತೆಗೆದಿಟ್ಟುಕೊಂಡಿದ್ದಳೋ.

“ಹೋಗಿ ಬರ್ರಿ,” ಎಂದಳು.

ಟೀಚರು ನಕ್ಕರು. ನಾನೂ ನಕ್ಕಿರಬೇಕು. ಇವಳಿಗೆ ಇಲ್ಲಿಯೂ ಅಂಗಡಿಯಾಟ, ನಾನೊಬ್ಬ ಬರಿಗೈ ಗಿರಾಕಿ ಎಂದುಕೊಂಡೆ. ಅವಳು ಇನ್ನೂ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಟೀಚರು ಅವಳ ಕೈ ಹಿಡಿದು ಒಳಗೆ ಕರೆದೊಯ್ದರು. ಹರಳನ್ನು ಜೇಬಿಗೆ ಹಾಕಿಕೊಂಡು ಸ್ಕೂಟರ್ ಚಾಲೂ ಮಾಡಿದೆ.

ಅಂಗಡಿಯಲ್ಲಿ ಕೂತೆ. ಬಹಳ ಹೊತ್ತು ಒಂದೇ ಮಗ್ಗುಲಲ್ಲಿ ಕೂತರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಮುಟ್ಟಿದರೂ ತನ್ನದಲ್ಲ ಅನ್ನಿಸುತ್ತದಲ್ಲ, ನನ್ನ ಮೈಗೆಲ್ಲ ಹಾಗಾಗಿತ್ತು. ಇಬ್ಬರು ಹೆಂಗಸರು ಬಂದು ಸೀರೆ ಬಿಚ್ಚಿಸಿ, ಬಣ್ಣ ಸರಿಯಿಲ್ಲ ಎಂದು ಎದ್ದು ಹೋದರು. ಡಬ್ಬಿಯ ಕಡೆ ಯಾರೂ ಕೈ ಚಾಚಲಿಲ್ಲ. ಅಪ್ಪ ಒಮ್ಮೆ ಡಬ್ಬಿ ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಮತ್ತೆ ಪೇಪರ್ ಬಿಡಿಸಿಕೊಂಡರು. ನಾನು ಸೀರೆಗಳನ್ನು ಮಡಚಿದೆ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದೆ.

ಹೆಂಡತಿ ಫೋನು ಮಾಡಿದಳು. ಮಗಳು ಅತ್ತಳೇ ಎಂದು ಕೇಳಿದಳು. ಇಲ್ಲ ಎಂದೆ. ನೀವು ಅತ್ತಿರಾ ಎಂದಳು. ಇಲ್ಲ ಎಂದೆ. ಅಪ್ಪನಂತೆ ಮಗಳು ಎಂದು ಅವಳೇ ಅತ್ತು ಫೋನಿಟ್ಟಳು. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಅಳುವುದಕ್ಕೂ ಒಂದು ಚಾಲಾಕಿತನ ಬೇಕು. ಒಳಗೊಳಗೇ ಇನ್ನೊಂದು ಮಾತೂ ಕೊರೆಯುತ್ತಿತ್ತು: ಇಷ್ಟು ವರ್ಷ ಪಕ್ಕದಲ್ಲಿ ಇಟ್ಟುಕೊಂಡ ಕೂಸಿಗೆ ನನ್ನನ್ನು ಬಿಡುವುದು ಏನೂ ಅನ್ನಿಸಲಿಲ್ಲ.

ಮಧ್ಯಾಹ್ನ ಶಾಲೆಯ ಬಾಗಿಲಿಗೆ ಹೋದೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಅಮ್ಮಂದಿರ ಸೊಂಟಕ್ಕೆ ಜೋತುಬೀಳುತ್ತಿದ್ದರು. ನನ್ನ ಮಗಳು ಬಂದವಳು ದೂರದಲ್ಲೇ ನಿಂತು, ನಾನು ಹೌದೋ ಅಲ್ಲವೋ ಎಂಬಂತೆ ನೋಡಿದಳು. ಆಮೇಲೆ ಹತ್ತಿರ ಬಂದಳು.

“ಸಕ್ಕರಿ ತಿಂದಿ?” ಎಂದು ಕೇಳಿದಳು.

ಸುಳ್ಳು ಹೇಳಲು ಹೊಳೆಯಲಿಲ್ಲ. ಇಲ್ಲವೆಂದು ಜೇಬಿನಿಂದ ತೆಗೆದು ತೋರಿಸಿದೆ. ಮಳೆಯ ಹಸಿಗೆ ಅಂಟಂಟಾಗಿ, ಜೇಬಿನ ನೂಲು ಮೆತ್ತಿಕೊಂಡಿತ್ತು. ಅವಳು ಅದನ್ನು ನೋಡಿದಳು, ನನ್ನ ಮುಖ ನೋಡಿದಳು. ಬೆಳಗ್ಗೆ ಬಾರದ ಅಳು ಅವಳ ತುಟಿಯ ತನಕ ಬಂದು ನಿಂತಿತ್ತು.

“ತಿನ್ನದಿದ್ರ ಮತ್ತ ಹೆಂಗ ಬಂದಿ?”

ನಾನು ಅಲ್ಲೇ ಒದ್ದೆ ಮೆಟ್ಟಿಲ ಮೇಲೆ ಕೂತೆ. ಜೋಮು ಬಿಡುವಾಗ ಕಾಲಿಗೆ ಚುಚ್ಚುತ್ತದಲ್ಲ, ಹಾಗೆ ಎದೆಯೆಲ್ಲ ಚುಚ್ಚತೊಡಗಿತು. ಬೆಳಗಿನಿಂದ ಅವಳು ಆ ಒಂದು ಹರಳನ್ನು ನೆಚ್ಚಿಕೊಂಡು ಅಲ್ಲಿ ಕೂತಿದ್ದಳು. ನೂಲು ಬಿಡಿಸಿ ಅದನ್ನು ಬಾಯಿಗೆ ಹಾಕಿಕೊಂಡೆ. ಪೂರ್ತಿ ಕರಗುವವರೆಗೆ ಅವಳು ನನ್ನ ಮುಂದೆ ನಿಂತು ಕಾದಳು. ಆಮೇಲೆ ಇಬ್ಬರೂ ಮನೆಗೆ ಹೋದೆವು.